ಮೇಲೆ ಹಿಡಿಯುವ ಬಾಟಲಿ, ಕೆಳಗೇ ಇಡುವ ಬಾಟಲಿ

ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದಾಗಿನ ಮಾತು. ಕೈಗೆ ಡ್ರಿಪ್ಸ್ ಹಾಕಿದ್ದರು. ಶೌಚಾಲಯಕ್ಕೆ ಹೋಗಬೇಕು ಎಂದಾಗ ಸ್ಟ್ಯಾಂಡಿನಿಂದ ಬಾಟಲಿ ಬಿಡಿಸಿಕೊಂಡು, ಅಮ್ಮನ ಇನ್ನೊಂದು ಕೈ ಹಿಡಿದು ಹೊರಟೆ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಸೂಜಿಯ ಹತ್ತಿರ ಪೈಪು ಕೆಂಪಾಯಿತು. ರಕ್ತ ನಿಧಾನಕ್ಕೆ ಪೈಪಿನಲ್ಲಿ ಮೇಲಕ್ಕೆ ಏರುತ್ತಿತ್ತು. ನನ್ನ ಎದೆ ಧಸಕ್ಕೆಂದಿತು. ಅಲ್ಲೇ ಇದ್ದ ಸಿಸ್ಟರ್ "ಬಾಟ್ಲಿ ಮೇಲೆ ಹಿಡ್ಕೊಳ್ಳಿ" ಎಂದರು, ಅಷ್ಟೇ. ಸೊಂಟದ ಹತ್ತಿರ ಹಿಡಿದಿದ್ದ ಬಾಟಲಿಯನ್ನು ತಲೆಯ ಮೇಲಕ್ಕೆ ಎತ್ತಿದೆ. ಕೆಂಪು ಬಂದ ದಾರಿಯಲ್ಲೇ ವಾಪಸ್ ಹೋಯಿತು.

ಪಕ್ಕದ ಮಂಚದಲ್ಲಿ ಒಬ್ಬ ಹುಡುಗ ಇದ್ದ. ಬೈಕಿನಿಂದ ಬಿದ್ದು ಪಕ್ಕೆಲುಬು ಮುರಿದಿತ್ತು. ಅವನ ಎದೆಯ ಪಕ್ಕದಿಂದ ದಪ್ಪನೆಯ ಪೈಪೊಂದು ಹೊರಟು ನೆಲದ ಮೇಲಿದ್ದ ಬಾಟಲಿಗೆ ಸೇರಿತ್ತು. ಬಾಟಲಿಯಲ್ಲಿ ನೀರು. ಅವನು ಕೆಮ್ಮಿದಾಗಲೆಲ್ಲ ಗುಳುಗುಳು ಗುಳ್ಳೆ. ನೆಲ ಒರೆಸುವವರು ಬಂದರೆಂದು ಅವನ ಅಜ್ಜಿ ಬಾಟಲಿಯನ್ನು ಎತ್ತಿ ಮಂಚದ ಮೇಲೆ ಇಡಲು ಹೋದರು. ಅದೇ ಸಿಸ್ಟರ್ ಓಡಿ ಬಂದರು. "ಅಜ್ಜಿ, ಅದನ್ನ ಎತ್ಬೇಡಿ! ಕೆಳಗೇ ಇರ್ಲಿ!"

ಒಂದೇ ವಾರ್ಡು. ಒಂದು ಬಾಟಲಿಯನ್ನು ಇಳಿಸಬಾರದು, ಇನ್ನೊಂದನ್ನು ಎತ್ತಬಾರದು. ಇದು ಯಾಕೆ ಅಂತ ಗೊತ್ತಾದರೆ ಮೈಯೊಳಗಿನ ಒತ್ತಡದ ಲೆಕ್ಕ ಹೆಚ್ಚುಕಡಿಮೆ ಪೂರ್ತಿ ಕೈಗೆ ಸಿಕ್ಕಿದ ಹಾಗೆ.

ನಮ್ಮಲ್ಲಿ "ನನಗೆ ಬಿಪಿ ಇದೆ" ಅನ್ನುತ್ತೇವೆ. ಬಿಪಿ ಅನ್ನುವುದೇ ಕಾಯಿಲೆಯ ಹೆಸರಾಗಿಬಿಟ್ಟಿದೆ. ಆದರೆ ಬಿಪಿ ಎಲ್ಲರಿಗೂ ಇರಲೇಬೇಕು. ಇಲ್ಲದಿದ್ದರೆ ರಕ್ತ ಒಂದು ಇಂಚೂ ಮುಂದೆ ಹೋಗುವುದಿಲ್ಲ. ಇರಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ತೊಂದರೆ. ಇನ್ನೊಂದು ವಿಷಯ, ಮೈಯೊಳಗೆ ಇರುವುದು ಒಂದೇ ಒತ್ತಡ ಅಲ್ಲ. ತೋಳಿನಲ್ಲಿ ಒಂದು, ಪಾದದಲ್ಲಿ ಇನ್ನೊಂದು, ತಲೆಬುರುಡೆಯೊಳಗೆ ಮತ್ತೊಂದು. ಕಣ್ಣಿಗೆ ಬೇರೆ, ಎದೆಗೂಡಿಗೆ ಬೇರೆ. ಕೆಲಸ ನಡೆಯುವುದು ಈ ವ್ಯತ್ಯಾಸದಿಂದಲೇ. ರಕ್ತವಾಗಲಿ ಗಾಳಿಯಾಗಲಿ, ಒತ್ತಡ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗುತ್ತದೆ. ಎರಡೂ ಕಡೆ ಸಮ ಆದರೆ ನಿಂತುಬಿಡುತ್ತದೆ.

ಮೊದಲು ಹೊರಗಿನ ಗಾಳಿಯನ್ನೇ ನೋಡಿ. ಸಮುದ್ರಮಟ್ಟದಲ್ಲಿ ಗಾಳಿ ನಮ್ಮ ಮೈಯ ಪ್ರತಿ ಚದರ ಸೆಂಟಿಮೀಟರನ್ನು ಸುಮಾರು ಒಂದು ಕೆಜಿ ಭಾರದಷ್ಟು ಒತ್ತುತ್ತದೆ. ಅಂಗೈ ಸುಮಾರು 100 ಚದರ ಸೆಂಟಿಮೀಟರ್ ಇದೆ ಅಂದುಕೊಂಡರೆ, ಚಾಚಿದ ಅಂಗೈಯ ಮೇಲೆ 50 ಕೆಜಿಯ ಎರಡು ಅಕ್ಕಿ ಮೂಟೆ ಕೂತ ಹಾಗೆ. ಆದರೂ ಕೈ ಕುಸಿಯುವುದಿಲ್ಲ. ಕೈಯ ಕೆಳಗಿನಿಂದಲೂ ಗಾಳಿ ಅಷ್ಟೇ ಒತ್ತುತ್ತದೆ, ಒಳಗಿನ ರಕ್ತ ಮಾಂಸವೂ ಅಷ್ಟೇ ಒತ್ತಡದಲ್ಲಿ ಇದೆ. ಈ ಗಾಳಿಯ ಒತ್ತಡವನ್ನು ಪಾದರಸದ ಕಂಬದ ಎತ್ತರದಲ್ಲಿ ಹೇಳುವ ರೂಢಿ. ಮಂಗಳೂರಿನ ಕಡಲತೀರದಲ್ಲಿ ಅದು 760 ಮಿಲಿಮೀಟರಿನ ಆಸುಪಾಸು. 900 ಮೀಟರಿಗಿಂತ ಎತ್ತರದ ಬೆಂಗಳೂರಿನಲ್ಲಿ ಸುಮಾರು 680.

ಹಾಗಾದರೆ ಬಿಪಿ ನೋಡಿ ಡಾಕ್ಟರು ಬರೆಯುವ 120/80ರಲ್ಲಿ ಆ 120 ಏನು? ಅದು ಹೊರಗಿನ ಗಾಳಿಗಿಂತ ಎಷ್ಟು ಮೇಲೆ ಅನ್ನುವ ಲೆಕ್ಕ. ಗಾಳಿಯ ಒತ್ತಡವೇ ಅಲ್ಲಿ ಸೊನ್ನೆ. ಮಂಗಳೂರಿನಲ್ಲಿ 120 ಇದ್ದವರಿಗೆ ಬೆಂಗಳೂರಿನಲ್ಲೂ ಸುಮಾರು 120ರಷ್ಟೇ ಬರುವುದು ಅದಕ್ಕೇ. ಊರಿನ ಗಾಳಿ 80 ಮಿಲಿಮೀಟರ್ ಇಳಿದರೆ ಮೈಯೊಳಗೂ ಅಷ್ಟೇ ಇಳಿದಿರುತ್ತದೆ. ನಡುವಿನ ಅಂತರ ಹಾಗೇ ಉಳಿಯುತ್ತದೆ.

ಈಗ ಅಮ್ಮನ ಡ್ರಿಪ್ಸ್. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಬಾಟಲಿ ಕೈಗಿಂತ ಒಂದು ಮೀಟರ್ ಮೇಲಿದ್ದರೆ, ಪೈಪಿನಲ್ಲಿರುವ ನೀರು ಸುಮಾರು 73 ಮಿಲಿಮೀಟರ್ ಪಾದರಸದಷ್ಟು ಒತ್ತುತ್ತದೆ. ಸೂಜಿ ಚುಚ್ಚಿರುವುದು ಹೃದಯಕ್ಕೆ ಮರಳುವ ನಾಳಕ್ಕೆ. ಮಲಗಿದಾಗ ಅಲ್ಲಿ ಇರುವುದು 10ರ ಆಸುಪಾಸು. 73 ಗೆಲ್ಲುತ್ತದೆ, ನೀರು ಒಳಗೆ ಹೋಗುತ್ತದೆ. ನಾನು ಬಾಟಲಿಯನ್ನು ಸೊಂಟಕ್ಕೆ ಇಳಿಸಿದೆ, ಅಮ್ಮ ಕೈಯನ್ನು ಜೋತುಬಿಟ್ಟು ನಡೆದರು. ಕೈಯಿಂದ ಹೃದಯದವರೆಗೆ ನಿಂತಿದ್ದ ರಕ್ತದ ಕಂಬದ ಭಾರ ಬಾಟಲಿಯ ನೀರಿಗಿಂತ ಜಾಸ್ತಿ ಆಯಿತು. ರಕ್ತ ಹೊರಗೆ ಬಂತು.

ಪೈಪಿನಲ್ಲಿ ರಕ್ತ ಏರುವುದನ್ನು ನೋಡಿಯೇ ಮನುಷ್ಯ ಒತ್ತಡ ಅಳೆಯುವುದನ್ನು ಕಲಿತದ್ದು. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಒಂದು ಹೆಣ್ಣು ಕುದುರೆಯನ್ನು ಕಟ್ಟಿ ಮಲಗಿಸಿ, ಹೃದಯದಿಂದ ತೊಡೆಗೆ ರಕ್ತ ತರುವ ನಾಳಕ್ಕೆ ಹಿತ್ತಾಳೆ ಕೊಳವೆ ಸೇರಿಸಿ, ಅದಕ್ಕೆ ಸುಮಾರು 9 ಅಡಿ ಉದ್ದದ ಗಾಜಿನ ಕೊಳವೆ ಜೋಡಿಸಿದ. ರಕ್ತ ಹೃದಯದ ಮಟ್ಟಕ್ಕಿಂತ 8 ಅಡಿ 3 ಇಂಚು ಮೇಲೆ ಏರಿ ನಿಂತಿತು. ಪ್ರತಿ ಬಡಿತಕ್ಕೂ ಒಂದಿಷ್ಟು ಏರಿ ಇಳಿಯುತ್ತಿತ್ತು. 1733ರಲ್ಲಿ ಅವನು ಇದನ್ನು ಪ್ರಕಟಿಸಿದ. ಆ ಕುದುರೆಯ ನೋವು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಇದೇ ಪ್ರಯೋಗ ನಮ್ಮ ತೋಳಿನಲ್ಲಿ ಮಾಡಿದರೆ ರಕ್ತ ಒಂದೂವರೆ ಮೀಟರಿನಷ್ಟು ಮೇಲೆ ಚಿಮ್ಮುತ್ತದೆ. 120 ಮಿಲಿಮೀಟರ್ ಪಾದರಸ ಅಂದರೆ ಅಷ್ಟು.

ಮತ್ತೆ ಆ ಎರಡನೇ ಸಂಖ್ಯೆ, 80? ಹೃದಯ ಹಿಂಡಿದಾಗ ಒತ್ತಡ 120ಕ್ಕೆ ಏರುತ್ತದೆ. ಸಡಿಲಾದಾಗ ಹೃದಯದ ಎಡ ಕೋಣೆಯಲ್ಲಿ ಒತ್ತಡ ಸೊನ್ನೆಯ ಹತ್ತಿರಕ್ಕೆ ಬಂದುಬಿಡುತ್ತದೆ. ಆದರೆ ನಾಳದಲ್ಲಿ 80ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಯಾಕೆ? ತೋಟಕ್ಕೆ ಔಷಧಿ ಹೊಡೆಯುವ ಬೆನ್ನಿನ ಪಂಪನ್ನು ನೆನೆಸಿಕೊಳ್ಳಿ. ಒಂದು ಕೈ ಹಿಡಿಕೆಯನ್ನು ಬಿಟ್ಟುಬಿಟ್ಟು ಒತ್ತುತ್ತಿರುತ್ತದೆ. ಆದರೆ ನಳಿಗೆಯ ತುದಿಯಲ್ಲಿ ಔಷಧಿ ನಿಲ್ಲದೆ ಬರುತ್ತದೆ. ಒಳಗೊಂದು ಪುಟ್ಟ ಕೋಣೆ ಇದೆ, ಅಲ್ಲಿ ಗಾಳಿ ಅದುಮಿಕೊಂಡಿರುತ್ತದೆ. ಎರಡು ಒತ್ತುಗಳ ನಡುವೆ ಆ ಗಾಳಿ ಔಷಧಿಯನ್ನು ತಳ್ಳುತ್ತದೆ. ನಮ್ಮಲ್ಲಿ ಆ ಕೋಣೆಯ ಕೆಲಸ ಮಾಡುವುದು ಹೃದಯದಿಂದ ಹೊರಡುವ ಮಹಾಪಧಮನಿಯ ಗೋಡೆ. ಅದು ರಬ್ಬರಿನ ಹಾಗೆ ಹಿಗ್ಗುತ್ತದೆ, ಹೃದಯದ ಬಾಗಿಲು ಮುಚ್ಚಿದ ಮೇಲೆ ಕುಗ್ಗಿ ರಕ್ತವನ್ನು ಮುಂದಕ್ಕೆ ತಳ್ಳುತ್ತದೆ. ವಯಸ್ಸಾದಂತೆ ಈ ಗೋಡೆ ಗಡುಸಾಗುತ್ತದೆ. ಹಿರಿಯರಲ್ಲಿ ಮೇಲಿನ ಸಂಖ್ಯೆ 160 ಇದ್ದು ಕೆಳಗಿನದು 70 ಇರುವುದು ಇದರಿಂದ.

ತೋಳಿಗೆ ಪಟ್ಟಿ ಸುತ್ತಿ ಅಳೆಯುವ ವಿಧಾನ ತಂದವರು ಇಟಲಿಯ ಡಾಕ್ಟರ್ ರೀವಾ-ರೋಚಿ, 1896ರಲ್ಲಿ. ಅವರು ನಾಡಿ ಹಿಡಿದು ನೋಡುತ್ತಿದ್ದರು, ಮೇಲಿನ ಸಂಖ್ಯೆ ಮಾತ್ರ ಸಿಗುತ್ತಿತ್ತು. ರಷ್ಯಾದ ಸರ್ಜನ್ ನಿಕೊಲಾಯ್ ಕೊರೊಟ್ಕೊವ್ 1905ರಲ್ಲಿ ಅದಕ್ಕೆ ಸ್ಟೆತಸ್ಕೋಪ್ ಸೇರಿಸಿದರು. ಪಟ್ಟಿ ಗಟ್ಟಿಯಾಗಿ ಒತ್ತಿದಾಗ ನಾಳ ಪೂರ್ತಿ ಮುಚ್ಚಿರುತ್ತದೆ, ಸದ್ದಿಲ್ಲ. ಗಾಳಿ ಬಿಡುತ್ತಾ ಬಂದಾಗ ಒಂದು ಹಂತದಲ್ಲಿ ಹೃದಯದ ಬಡಿತದ ಶಿಖರ ಮಾತ್ರ ಪಟ್ಟಿಯನ್ನು ಗೆಲ್ಲುತ್ತದೆ. ನಾಳ ಕ್ಷಣ ತೆರೆದು, ರಕ್ತ ನುಗ್ಗಿ, ಮತ್ತೆ ಮುಚ್ಚುತ್ತದೆ. ಟಕ್, ಟಕ್. ಸದ್ದು ಶುರುವಾದ ಆ ಸಂಖ್ಯೆ 120. ಇನ್ನೂ ಬಿಡುತ್ತಾ ಹೋದರೆ ನಾಳ ಯಾವಾಗಲೂ ತೆರೆದೇ ಇರುವ ಹಂತ ಬರುತ್ತದೆ. ರಕ್ತ ನಯವಾಗಿ ಹರಿಯುತ್ತದೆ, ಸದ್ದು ನಿಲ್ಲುತ್ತದೆ. ಅದು 80.

ಇಷ್ಟೊಂದು ಒತ್ತಡದಲ್ಲಿ ಹೊರಟ ರಕ್ತ ಹೃದಯಕ್ಕೆ ವಾಪಸ್ ಬರುವಾಗ ಸೊನ್ನೆಯ ಹತ್ತಿರ ಇರುತ್ತದೆ. ನಡುವೆ ಅದೆಲ್ಲ ಎಲ್ಲಿ ಖರ್ಚಾಯಿತು? ಬಹುಪಾಲು ಖರ್ಚಾಗುವುದು ಕೂದಲಿಗಿಂತ ಸ್ವಲ್ಪವೇ ದಪ್ಪ ಇಲ್ಲವೇ ಇನ್ನೂ ಸಣ್ಣ ಇರುವ ಕಿರುನಾಳಗಳಲ್ಲಿ. ಇವು ಮೈಯ ನಲ್ಲಿಗಳು. ಇವುಗಳ ಗೋಡೆಯಲ್ಲಿ ಸ್ನಾಯು ಇದೆ, ಅದು ಬಿಗಿದರೆ ನಲ್ಲಿ ಮುಚ್ಚಿದ ಹಾಗೆ. ಫ್ರಾನ್ಸಿನ ಡಾಕ್ಟರ್ ಪ್ವಾಸೆಯ್ 1840ರ ದಶಕದಲ್ಲಿ ಸಪೂರ ಗಾಜಿನ ಕೊಳವೆಗಳಲ್ಲಿ ಕಂಡುಕೊಂಡ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೊಳವೆಯ ಅಗಲ ಅರ್ಧವಾದರೆ ಹರಿವು ಅರ್ಧ ಆಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಈ ನಲ್ಲಿಗಳನ್ನು ಸ್ವಲ್ಪವೇ ತಿರುಗಿಸಿದರೂ ಸಾಕು. ಊಟ ಆದ ಮೇಲೆ ಕರುಳಿನ ಕಡೆ ನಲ್ಲಿ ತೆರೆಯುತ್ತದೆ. ಚಳಿಯಲ್ಲಿ ಚರ್ಮದ ಕಡೆ ಮುಚ್ಚುತ್ತದೆ.

ಬಿಪಿಗೆ ಕೊಡುವ ಆಮ್ಲೋಡಿಪಿನ್ ಮಾತ್ರೆ ಹೆಸರು ಅನೇಕ ಮನೆಗಳಲ್ಲಿ ಗೊತ್ತು. ಅದು ಮಾಡುವುದು ಇದನ್ನೇ, ಕಿರುನಾಳಗಳ ಸ್ನಾಯು ಸಡಿಲಿಸಿ ನಲ್ಲಿ ತೆರೆಯುತ್ತದೆ. ಆ ಮಾತ್ರೆ ತಗೊಳ್ಳುವ ಕೆಲವರಿಗೆ ಪಾದ ಊದಿಕೊಳ್ಳುವುದೂ ಇದರಿಂದಲೇ. ನಲ್ಲಿ ತೆರೆದಾಗ ಅದರ ಮುಂದಿರುವ, ಲೋಮನಾಳ ಅನ್ನುವ ಅತಿ ಸಣ್ಣ ರಕ್ತನಾಳಗಳಿಗೆ ಒತ್ತಡ ಜಾಸ್ತಿ ತಲುಪುತ್ತದೆ. ಲೋಮನಾಳದ ಗೋಡೆ ತೀರಾ ತೆಳು, ನೀರು ಜಿನುಗುತ್ತದೆ. ಸಾಮಾನ್ಯವಾಗಿ ಶುರುವಿನ ತುದಿಯಲ್ಲಿ ಸುಮಾರು 35 ಒತ್ತಡ ನೀರನ್ನು ಹೊರಗೆ ತಳ್ಳುತ್ತದೆ. ರಕ್ತದಲ್ಲಿರುವ ಆಲ್ಬುಮಿನ್‌ನಂಥ ಪ್ರೋಟೀನು ಸುಮಾರು 25ರಷ್ಟು ಬಲದಿಂದ ನೀರನ್ನು ಒಳಗೆ ಎಳೆದಿಟ್ಟುಕೊಳ್ಳುತ್ತದೆ. ಕೊನೆಯ ತುದಿಗೆ ಬರುವಷ್ಟರಲ್ಲಿ ತಳ್ಳುವ ಒತ್ತಡ 15ಕ್ಕೆ ಇಳಿದಿರುತ್ತದೆ. ಈ ಜಗ್ಗಾಟದಲ್ಲಿ ಸ್ವಲ್ಪ ನೀರು ಹೊರಗೆ ಉಳಿದರೂ ಅದನ್ನು ಬೇರೆ ಸಣ್ಣ ನಾಳಗಳು ಎತ್ತಿಕೊಂಡು ಹೋಗುತ್ತವೆ. 1896ರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಈ ಜಗ್ಗಾಟವನ್ನು ತಿಳಿಯಾಗಿ ವಿವರಿಸಿದರು. ಪ್ರೋಟೀನು ಸಿಗದ ಮಗುವಿನ ಕಾಲು ಊದಿಕೊಳ್ಳುವುದು, ಲಿವರ್ ಕೆಟ್ಟವರ ಹೊಟ್ಟೆಯಲ್ಲಿ ನೀರು ತುಂಬುವುದು, ಎರಡರಲ್ಲೂ ಈ ಎಳೆತ ಸೋತಿರುತ್ತದೆ. ಮಾತ್ರೆಯಿಂದ ಪಾದ ಊದಿದೆ ಅನ್ನಿಸಿದರೆ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆ ಇದೆ. ನೀವಾಗಿಯೇ ನಿಲ್ಲಿಸಬೇಡಿ.

ಈಗ ಒಂದು ಕೆಲಸ ಮಾಡಿ. ಒಂದು ಕೈಯನ್ನು ಸುಮ್ನೆ ಕೆಳಗೆ ಜೋತುಬಿಡಿ. ಅರ್ಧ ನಿಮಿಷದಲ್ಲಿ ಮುಂಗೈ ಹಿಂಭಾಗದ ನಾಳಗಳು ಉಬ್ಬುತ್ತವೆ. ಈಗ ಕೈಯನ್ನು ನಿಧಾನಕ್ಕೆ ಮೇಲೆತ್ತುತ್ತಾ ಬನ್ನಿ. ಎದೆಯ ಮಟ್ಟ ದಾಟುವ ಹೊತ್ತಿಗೆ ಉಬ್ಬು ಕುಸಿದು ಚಪ್ಪಟೆಯಾಗುತ್ತದೆ. ಹೃದಯಕ್ಕಿಂತ ಕೆಳಗಿರುವ ಪ್ರತಿ ಸೆಂಟಿಮೀಟರಿಗೆ ರಕ್ತದ ಒತ್ತಡ ಸುಮಾರು 0.8 ಮಿಲಿಮೀಟರ್ ಕೂಡಿಕೊಳ್ಳುತ್ತದೆ, ಮೇಲಿದ್ದರೆ ಅಷ್ಟೇ ಕಳೆಯುತ್ತದೆ. ಅಲುಗಾಡದೆ ನಿಂತವರ ಪಾದದಿಂದ ಹೃದಯಕ್ಕೆ ಮರಳುವ ನಾಳದಲ್ಲಿ ಈ ಲೆಕ್ಕದಲ್ಲಿ 90ರಷ್ಟು ಒತ್ತಡ ಇರುತ್ತದೆ. ನಡೆಯಲು ಶುರುಮಾಡಿದರೆ 30ರ ಆಸುಪಾಸಿಗೆ ಇಳಿಯುತ್ತದೆ. ಮೀನಖಂಡದ ಸ್ನಾಯು ಪ್ರತಿ ಹೆಜ್ಜೆಗೂ ನಾಳವನ್ನು ಹಿಂಡುತ್ತದೆ. ನಾಳದೊಳಗೆ ಮೇಲಕ್ಕೆ ಮಾತ್ರ ತೆರೆಯುವ ಪುಟ್ಟ ಬಾಗಿಲುಗಳಿವೆ, ಅವು ರಕ್ತ ಕೆಳಗೆ ಜಾರಲು ಬಿಡುವುದಿಲ್ಲ. ದಿನವಿಡೀ ನಿಂತು ದುಡಿಯುವ ಬಾಣಸಿಗರು, ಟ್ರಾಫಿಕ್ ಪೊಲೀಸರು, ಟೀಚರುಗಳಲ್ಲಿ ಈ ಬಾಗಿಲು ಸಡಿಲಾದರೆ ಕಾಲಿನ ಮೇಲೆ ನೀಲಿ ಹಾವಿನ ಹಾಗೆ ಸುತ್ತಿಕೊಂಡ ಉಬ್ಬು ಕಾಣುತ್ತದೆ. "ನರ ಉಬ್ಬಿದೆ" ಅನ್ನುತ್ತೇವಲ್ಲ, ಅದು ನರ ಅಲ್ಲ, ರಕ್ತನಾಳ.

ಮಲಗಿದ್ದವರು ತಟ್ಟನೆ ಎದ್ದರೆ ಅರ್ಧ ಲೀಟರಿನಷ್ಟು ರಕ್ತ ಕಾಲಿನ ಕಡೆ ಇಳಿಯುತ್ತದೆ. ಮೆದುಳಿಗೆ ಹೋಗುವ ಒತ್ತಡ ಕುಸಿಯುತ್ತದೆ. ಕತ್ತಿನ ಎರಡೂ ಬದಿಯ ನಾಳಗಳ ಗೋಡೆಯಲ್ಲಿ ಇದನ್ನು ಗಮನಿಸುವ ನರದ ತುದಿಗಳಿವೆ. ಗೋಡೆಯ ಹಿಗ್ಗು ಕಡಿಮೆಯಾದ ಕೂಡಲೇ ಅವು ಮೆದುಳಿಗೆ ತಿಳಿಸುತ್ತವೆ. ಕೆಲವೇ ಕ್ಷಣದಲ್ಲಿ ಹೃದಯ ಜೋರಾಗಿ ಬಡಿಯುತ್ತದೆ, ಕಿರುನಾಳಗಳು ಬಿಗಿಯುತ್ತವೆ. ಹಿರಿಯರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಸಂದೇಶ ತಡವಾಗಬಹುದು. ರಾತ್ರಿ ಮೂತ್ರಕ್ಕೆಂದು ಎದ್ದವರು ಕಣ್ಣು ಕತ್ತಲೆ ಬಂದು ಬೀಳುವುದು ಹೀಗೇ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂತು ಏಳಿ ಅಂತ ಮನೆಯ ಹಿರಿಯರಿಗೆ ದಯವಿಟ್ಟು ಹೇಳಿ. ಒಂದು ಸೊಂಟದ ಮೂಳೆ ಉಳಿಯುತ್ತದೆ.

ಮನೆಯಲ್ಲಿ ಬಿಪಿ ನೋಡುವಾಗಲೂ ಈ 0.8ರ ಲೆಕ್ಕ ನೆನಪಿರಲಿ. ತೋಳು ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ 8ರಷ್ಟು ಸುಳ್ಳು ಏರಿಕೆ ಕಾಣುತ್ತದೆ. ತೋಳಿನ ಕೆಳಗೆ ಒಂದು ದಿಂಬು ಇಟ್ಟು ಎದೆಯ ಮಟ್ಟಕ್ಕೆ ತನ್ನಿ. ಐದು ನಿಮಿಷ ಕೂತಿರಿ, ಮಾತಾಡಬೇಡಿ, ಮೂತ್ರ ಕಟ್ಟಿಕೊಂಡು ನೋಡಿಸಬೇಡಿ.

ತಲೆಬುರುಡೆ ಬೇರೆಯೇ ಜಾಗ. ಅದು ಮುಚ್ಚಿದ ಡಬ್ಬಿ. ಒಳಗೆ ಮೆದುಳು, ರಕ್ತ, ಮೆದುಳಿನ ಸುತ್ತಲ ದ್ರವ, ಈ ಮೂರಕ್ಕೆ ಮಾತ್ರ ಜಾಗ. ಮಲಗಿದಾಗ ಅಲ್ಲಿನ ಒತ್ತಡ 7ರಿಂದ 15. ಪೆಟ್ಟು ಬಿದ್ದು ಒಳಗೆ ರಕ್ತ ಸೋರಿದರೆ ಡಬ್ಬಿ ಹಿಗ್ಗಲಾರದು, ಮೆದುಳೇ ಅದುಮಿಹೋಗುತ್ತದೆ. ತಲೆಗೆ ಪೆಟ್ಟಾದ ಮೇಲೆ ವಾಂತಿ, ಜೋರು ತಲೆನೋವು, ಮಂಪರು ಕಂಡರೆ ಕಾಯಬಾರದು ಅನ್ನುವುದು ಅದಕ್ಕೇ. ಎಳೆಗೂಸಿನ ಡಬ್ಬಿ ಮಾತ್ರ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ. ನೆತ್ತಿಗೆ ಎಣ್ಣೆ ಒತ್ತುವಾಗ ಬೆರಳಿಗೆ ಆ ಮೆತ್ತನೆಯ ಜಾಗ ಸಿಗುತ್ತದಲ್ಲ, ಅದು ಒಳಗಿನ ಒತ್ತಡಕ್ಕೆ ಕಿಟಕಿ. ಭೇದಿಯಾಗಿ ಮೈಯ ನೀರು ಹೋದರೆ "ನೆತ್ತಿ ಕುಳಿ ಬಿದ್ದಿದೆ" ಅನ್ನುತ್ತಾರೆ. ಅಜ್ಜಿಯರು ಬೆರಳಿನಲ್ಲೇ ಕಂಡುಕೊಂಡ ಈ ಲಕ್ಷಣವನ್ನು ಮಕ್ಕಳ ಡಾಕ್ಟರೂ ಮುಟ್ಟಿ ನೋಡುತ್ತಾರೆ. ಮಗು ಅಳದೆ ಶಾಂತವಾಗಿ ಕೂತಿರುವಾಗಲೂ ನೆತ್ತಿ ಉಬ್ಬಿ ಬಿಗಿಯಾಗಿದ್ದರೆ ಒಳಗೆ ಒತ್ತಡ ಏರಿದೆ ಎಂದು ಅರ್ಥ, ತಕ್ಷಣ ತೋರಿಸಬೇಕು.

ಕಣ್ಣಿನ ಒತ್ತಡ 10ರಿಂದ 21. ಏರಿದರೆ ಬಹಳ ಸಲ ನೋವೇ ಇರುವುದಿಲ್ಲ, ನೋಟ ಅಂಚಿನಿಂದ ಸದ್ದಿಲ್ಲದೆ ಹೋಗುತ್ತದೆ. ನಲವತ್ತು ದಾಟಿದವರು ಕಣ್ಣಿನ ಪ್ರೆಶರ್ ನೋಡಿಸಿಕೊಳ್ಳಬೇಕು.

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವಾಗ ಶಿರಾಡಿ ಘಾಟಿ ಇಳಿಯುತ್ತಿದ್ದಂತೆ ಕಿವಿ ಕಟ್ಟುತ್ತದೆ, ಅಲ್ವಾ? ಹೊರಗೆ ಗಾಳಿಯ ಒತ್ತಡ ಏರುತ್ತಿದೆ, ಕಿವಿ ತಮಟೆಯ ಒಳಗಡೆ ಇನ್ನೂ ಘಟ್ಟದ ಮೇಲಿನ ಗಾಳಿಯೇ ಉಳಿದಿದೆ. ತಮಟೆ ಒಳಕ್ಕೆ ಬಾಗುತ್ತದೆ. ಅಲ್ಲಿಂದ ಗಂಟಲಿಗೆ ಒಂದು ಸಣ್ಣ ಕೊಳವೆ ಇದೆ, ನುಂಗಿದಾಗ, ಆಕಳಿಸಿದಾಗ ಅದು ತೆರೆಯುತ್ತದೆ. ಮಕ್ಕಳ ಬಾಯಿಗೆ ಪೆಪ್ಪರಮಿಂಟ್ ಕೊಟ್ಟರೆ ಉಗುಳು ನುಂಗಿ ನುಂಗಿ ತಾನೇ ಬಿಡುತ್ತದೆ.

ಕೊನೆಗೆ ಎದೆಗೂಡು. ಇಲ್ಲಿ ಒತ್ತಡ ಸೊನ್ನೆಗಿಂತ ಕೆಳಗೆ. ಶ್ವಾಸಕೋಶಕ್ಕೆ ಯಾವಾಗಲೂ ಕುಗ್ಗುವ ಆಸೆ, ಪಕ್ಕೆಲುಬಿನ ಗೂಡಿಗೆ ಹೊರಕ್ಕೆ ಚಿಮ್ಮುವ ಆಸೆ. ಎರಡರ ನಡುವೆ ಒದ್ದೆಯಾದ ಎರಡು ತೆಳು ಪೊರೆಗಳಿವೆ. ಒದ್ದೆ ಗಾಜಿನ ಎರಡು ತುಂಡು ಅಂಟಿಕೊಂಡ ಹಾಗೆ ಅವು ಬಿಡಿಸಿಕೊಳ್ಳಲಾರವು. ಎರಡೂ ಕಡೆ ಎಳೆತ ಇರುವುದರಿಂದ ನಡುವಿನ ಒತ್ತಡ ಹೊರಗಿನ ಗಾಳಿಗಿಂತ ಸುಮಾರು 5 ಸೆಂಟಿಮೀಟರ್ ನೀರಿನಷ್ಟು ಕಡಿಮೆ. ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ, ಅಂದರೆ ವಪೆ, ಕೆಳಗಿಳಿದು ಗೂಡು ಹಿಗ್ಗಿದಾಗ ಶ್ವಾಸಕೋಶವೂ ಜೊತೆಗೆ ಹಿಗ್ಗುತ್ತದೆ, ಒಳಗಿನ ಗಾಳಿಯ ಒತ್ತಡ ಒಂದೇ ಸೆಂಟಿಮೀಟರ್ ನೀರಿನಷ್ಟು ಇಳಿಯುತ್ತದೆ. ಅಷ್ಟಕ್ಕೇ ಅರ್ಧ ಲೀಟರ್ ಗಾಳಿ ಒಳಗೆ ಬರುತ್ತದೆ. ಉಸಿರಾಟ ಎಷ್ಟು ಹಗುರದ ಕೆಲಸ ನೋಡಿ.

ಅದು ಹಗುರ ಅನ್ನುವುದು ನಮಗೆ ಚಿಕ್ಕಂದಿನಲ್ಲಿ ಕೆರೆಯಲ್ಲಿ ಗೊತ್ತಾಗಿತ್ತು. ಪಪ್ಪಾಯಿ ಎಲೆಯ ಟೊಳ್ಳು ದಂಟನ್ನು ಬಾಯಿಗಿಟ್ಟುಕೊಂಡು ನೀರಿನೊಳಗೆ ಕೂತು ಉಸಿರಾಡುವ ಆಟ. ಮುಖ ಮುಳುಗುವಷ್ಟು ಇದ್ದಾಗ ಸರಿ. ಸ್ವಲ್ಪ ಕೆಳಗೆ ಹೋದರೆ ಎದೆ ಮೇಲೆ ಯಾರೋ ಕೂತ ಹಾಗೆ. ದಂಟು ಉದ್ದ ಇದ್ದರೆ ಏನಂತೆ, ಗಾಳಿ ಬರಬೇಕಲ್ಲ ಅಂದುಕೊಂಡಿದ್ದೆ. ಲೆಕ್ಕ ಹೀಗಿದೆ. ಅರ್ಧ ಮೀಟರ್ ಆಳದಲ್ಲಿ ನೀರು ಎದೆಯನ್ನು 50 ಸೆಂಟಿಮೀಟರಿನಷ್ಟು ಒತ್ತುತ್ತದೆ. ದಂಟಿನಿಂದ ಬರುವ ಗಾಳಿ ಮಾತ್ರ ಮೇಲಿನ ಒತ್ತಡದಲ್ಲೇ ಇದೆ. ಒಂದು ಸೆಂಟಿಮೀಟರಿನ ಕೆಲಸಕ್ಕೆ ಒಗ್ಗಿದ ಸ್ನಾಯುಗಳು ಪ್ರತಿ ಉಸಿರಿಗೂ 50ರ ವಿರುದ್ಧ ಸೆಣಸಬೇಕು. ಒಂದು ಮೀಟರಿನಲ್ಲಿ ಅದು ಬಹುಮಟ್ಟಿಗೆ ಆಗದ ಕೆಲಸ. ಮಕ್ಕಳಿಗೆ ಈ ಆಟ ಬೇಡ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡುವವರ ಬೆನ್ನಿನ ಸಿಲಿಂಡರಿಗೆ ಜೋಡಿಸಿದ ಸಾಧನ ಗಾಳಿಯನ್ನು ಸುತ್ತಲ ನೀರಿನ ಒತ್ತಡಕ್ಕೆ ಸರಿಯಾಗಿ ಕೊಡುತ್ತದೆ, ಹಾಗಾಗಿ ಆಳದಲ್ಲೂ ಎದೆ ಹಿಗ್ಗುತ್ತದೆ. ಆದರೆ 10 ಮೀಟರ್ ಆಳದಲ್ಲಿ ಎಳೆದ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ ಅದೇ ಗಾಳಿ ಎರಡು ಪಟ್ಟಾಗಿ ಶ್ವಾಸಕೋಶ ಹರಿಯಬಹುದು. ಮೇಲೆ ಬರುವಾಗ ಉಸಿರು ಹಿಡಿಯಲೇಬೇಡಿ ಎಂದು ಅಲ್ಲಿ ಮೊದಲೇ ಹೇಳಿಕೊಡುವುದು ಅದಕ್ಕೆ.

ಪಕ್ಕದ ಮಂಚದ ಹುಡುಗನಿಗೆ ಆಗಿದ್ದು ಇದು. ಮುರಿದ ಪಕ್ಕೆಲುಬಿನ ಚೂಪು ಶ್ವಾಸಕೋಶಕ್ಕೆ ತಗುಲಿ ತೂತಾಗಿತ್ತು. ಪೊರೆಗಳ ನಡುವೆ ಒತ್ತಡ ಕಡಿಮೆ ಇದ್ದದ್ದರಿಂದ ಗಾಳಿ ಅಲ್ಲಿಗೆ ನುಗ್ಗಿತು. ಅಂಟು ಬಿಟ್ಟಿತು. ಶ್ವಾಸಕೋಶ ಗಾಳಿ ಹೋದ ಬಲೂನಿನ ಹಾಗೆ ಕುಗ್ಗಿತು. ಆ ಗಾಳಿಯನ್ನು ಹೊರಗೆ ಬಿಡಬೇಕು, ಆದರೆ ಹೊರಗಿನ ಗಾಳಿ ಒಳಗೆ ಹೋಗಬಾರದು. ಅದಕ್ಕೇ ನೀರಿನ ಬಾಟಲಿ. ಪೈಪಿನ ತುದಿ ನೀರಿನಲ್ಲಿ ಸುಮಾರು 2 ಸೆಂಟಿಮೀಟರ್ ಮುಳುಗಿರುತ್ತದೆ. ಕೆಮ್ಮಿದಾಗ ಎದೆಯ ಗಾಳಿ ಆ 2 ಸೆಂಟಿಮೀಟರ್ ನೀರನ್ನು ಗೆದ್ದು ಗುಳ್ಳೆಯಾಗಿ ಹೊರಬರುತ್ತದೆ. ಉಸಿರು ಎಳೆದಾಗ ಗಾಳಿಯ ಬದಲು ನೀರು ಪೈಪಿನಲ್ಲಿ ಒಂದಿಷ್ಟು ಏರಿ ನಿಲ್ಲುತ್ತದೆ. ನೆಲದ ಮೇಲಿದ್ದರೆ ಎಷ್ಟೇ ದೀರ್ಘ ಉಸಿರೆಳೆದರೂ ನೀರು ಮಂಚದ ಎತ್ತರಕ್ಕೆ ಬರಲಾರದು. ಅಜ್ಜಿ ಅದನ್ನು ಎದೆಗಿಂತ ಮೇಲೆ ಎತ್ತಿದ್ದರೆ ನೀರು ನೇರವಾಗಿ ಹುಡುಗನ ಎದೆಯೊಳಕ್ಕೆ ಹರಿಯುತ್ತಿತ್ತು.

ಸಿಸ್ಟರ್ ಅಜ್ಜಿಯ ಪಕ್ಕ ಕೂತು ಇದನ್ನೆಲ್ಲ ಬಿಡಿಸಿ ಹೇಳಿದರು. ಆಮೇಲೆ ಅಜ್ಜಿ ಆ ಬಾಟಲಿಯನ್ನು ಬಿಟ್ಟು ಕದಲಲಿಲ್ಲ. ಮೊಮ್ಮಗ ಉಸಿರೆಳೆದರೆ ಪೈಪಿನೊಳಗಿನ ನೀರು ಎರಡು ಬೆರಳು ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಮೂರನೇ ದಿನ ಬೆಳಿಗ್ಗೆ ಅವನು ಕೆಮ್ಮಿದರೂ ಗುಳ್ಳೆ ಬರಲಿಲ್ಲ. ಅಜ್ಜಿ ಹೆದರಿ ಸಿಸ್ಟರನ್ನು ಕರೆದರು. ಸಿಸ್ಟರ್ ಬಗ್ಗಿ ನೋಡಿ, "ತೂತು ಮುಚ್ಕೊಂಡಿರ್ಬೇಕು ಅಜ್ಜಿ, ಎಕ್ಸ್‌ರೇ ತೆಗೆಸಿ ನೋಡೋಣ" ಎಂದರು.